ಮಕ್ಕಳೇ ಬಡಿಸುವ ಊಟ: ಜಪಾನಿನ ಶಾಲೆಯೂ ನಮ್ಮ ಬಿಸಿಯೂಟವೂ

ಫಿನ್ಲೆಂಡಿನಲ್ಲಿ 1948ರಿಂದ ಶಾಲೆಯ ಊಟ ಪುಕ್ಕಟೆ, ಮಕ್ಕಳು ತಾವೇ ಬಡಿಸಿಕೊಳ್ಳುತ್ತಾರೆ. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಒಬ್ಬರಿಗೊಬ್ಬರು ಬಡಿಸುತ್ತಾರೆ. ಅಡುಗೆಗೆ ಬೇಕಾದ ದಿನಸಿ, ತರಕಾರಿಯ ದುಡ್ಡನ್ನು ಬಹುಕಾಲ ಪೋಷಕರೇ ಕೊಟ್ಟಿದ್ದಾರೆ, ಅಡುಗೆಯವರ ಸಂಬಳ ಸ್ಥಳೀಯ ಆಡಳಿತದ್ದು. ಇರಲಿ, ನಾವು ಗಮನಿಸಬೇಕಾದ್ದು ಆ ಬಡಿಸುವ ಕ್ರಮವನ್ನು.

ಪ್ರತಿ ವಾರ ಒಂದೊಂದು ಗುಂಪಿನ ಸರದಿ. ಬಿಳಿ ಅಂಗಿ, ಟೋಪಿ, ಮಾಸ್ಕ್ ಹಾಕಿಕೊಂಡು ಕೈ ತೊಳೆದು ನಿಂತ ಮಕ್ಕಳನ್ನು ಟೀಚರ್ ಕೇಳುತ್ತಾರೆ: ಹೊಟ್ಟೆನೋವಿದೆಯಾ, ಭೇದಿ ಆಗಿದೆಯಾ, ಜ್ವರ ಇದೆಯಾ? ಇದ್ದರೆ ಆ ದಿನ ಸೌಟು ಮುಟ್ಟುವ ಹಾಗಿಲ್ಲ. ಉಳಿದವರು ಅಡುಗೆಮನೆಯಿಂದ ಗಾಡಿ ತಳ್ಳಿಕೊಂಡು ತರಗತಿಗೆ ಬರುತ್ತಾರೆ. ಒಬ್ಬರು ಅನ್ನ, ಒಬ್ಬರು ಸೂಪು, ಒಬ್ಬರು ಪಲ್ಯ, ಇನ್ನೊಬ್ಬರು 200 ಮಿ.ಲೀ. ಹಾಲು. ಟೀಚರೂ ಅದನ್ನೇ, ಅಲ್ಲೇ ಕೂತು ಉಣ್ಣುತ್ತಾರೆ. ಶುಕ್ರವಾರ ಅಂಗಿ ಮನೆಗೆ ಹೋಗಿ ಒಗೆದು ಇಸ್ತ್ರಿಯಾಗಿ, ಸೋಮವಾರ ಮುಂದಿನ ಗುಂಪಿನ ಮಕ್ಕಳ ಮೈಮೇಲಿರುತ್ತದೆ.

ಅಡುಗೆಮನೆಯ ಶಿಸ್ತು ಹೊಡೆತ ತಿಂದು ಬಂದದ್ದು. 1996ರಲ್ಲಿ ಸಕಾಯ್ ನಗರದ ಶಾಲಾ ಊಟದಿಂದ ಓ157 ಬ್ಯಾಕ್ಟೀರಿಯಾ ಹರಡಿ ಸಾವಿರಾರು ಮಕ್ಕಳು ಕಾಯಿಲೆ ಬಿದ್ದರು, ಕೆಲವರು ತೀರಿಹೋದರು. ಈಗ ಪ್ರತಿ ಪದಾರ್ಥದ 50 ಗ್ರಾಂ ಮಾದರಿಯನ್ನು ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಡಬೇಕು. ಮಕ್ಕಳು ಉಣ್ಣುವ ಮೊದಲು ಹೆಡ್‌ಮಾಸ್ಟರಂಥ ಜವಾಬ್ದಾರಿಯವರು ರುಚಿ ನೋಡಬೇಕು. ರುಚಿ ನೋಡುವ ನಿಯಮ ನಮ್ಮಲ್ಲೂ ಇದೆ. 2013ರಲ್ಲಿ ಬಿಹಾರದ ಛಪ್ರಾ ಬಳಿ ಕೀಟನಾಶಕ ಬೆರೆತ ಊಟ ಉಂಡು 23 ಮಕ್ಕಳು ಸತ್ತದ್ದನ್ನು ನೆನೆದರೆ, ಅದನ್ನು ಬರೀ ರಿಜಿಸ್ಟರಿನ ಸಹಿಗೆ ಇಳಿಸುವುದು ಕ್ಷಮಿಸಲಾಗದ ತಪ್ಪು.

ಜಪಾನಿನದೆಲ್ಲ ಅನುಕರಿಸುವಂಥದ್ದೂ ಅಲ್ಲ. ತಟ್ಟೆ ಖಾಲಿಯಾಗುವ ತನಕ ಮಗುವನ್ನು ಏಳಗೊಡದ ಹಟ ಅಲ್ಲಿ ಬಹಳ ಕಡೆ ನಡೆದಿತ್ತು. ಅದರಿಂದ ಊಟವೆಂದರೇ ಹೆದರುವ ಮಕ್ಕಳಾದರು. ಉಣ್ಣುವ ಮೊದಲೇ ಕಡಿಮೆ ಮಾಡಿಸಿಕೊಳ್ಳಲು ಬಿಡುವುದೇ ಸರಿ.

ಮಕ್ಕಳೇ ಬಡಿಸುವುದಕ್ಕೆ ನಮ್ಮಲ್ಲಿ ತೂಕವೇ ಬೇರೆ. ದಲಿತ ಮಹಿಳೆ ಅಡುಗೆ ಮಾಡಿದರೆಂದು ಮಕ್ಕಳನ್ನು ಊಟಕ್ಕೆ ಕಳಿಸದ ಊರುಗಳು ಕರ್ನಾಟಕದಲ್ಲಿವೆ. ಎಲ್ಲ ಕೇರಿಯ ಮಕ್ಕಳೂ ಸರದಿಯಲ್ಲಿ ಸೌಟು ಹಿಡಿದರೆ, ಯಾರ ಕೈಯ ಅನ್ನವಾದರೂ ಅನ್ನವೇ ಎಂಬುದು ಆರೇಳು ವಯಸ್ಸಿಗೇ ರೂಢಿಯಾಗುತ್ತದೆ. ಸರದಿಯನ್ನು ಚೀಟಿ ಎತ್ತಿಯೇ ಹಾಕಬೇಕು. ಟೀಚರ್ ಆರಿಸಿದರೆ ಜಾಣರು, ಮುಂದಾಳುಗಳೇ ಬರುತ್ತಾರೆ.

ಕುದಿಯುವ ಸಾಂಬಾರನ್ನು ಮಾತ್ರ ಮಕ್ಕಳ ಕೈಗೆ ಕೊಡಬಾರದು. ಸಾಂಬಾರಿನ ಪಾತ್ರೆಗೆ ಬಿದ್ದು ಮಕ್ಕಳು ಸುಟ್ಟುಕೊಂಡದ್ದು ನಮ್ಮಲ್ಲೇ ಇದೆ. ಮೂವತ್ತು ಮಕ್ಕಳಿಗೆ ತಲಾ 150 ಮಿ.ಲೀ. ಎಂದರೂ ನಾಲ್ಕೂವರೆ ಲೀಟರ್. ಅದನ್ನು ಅಡುಗೆಯವರೇ ಎರಡು ಬಕೆಟ್ಟಿಗೆ ಅರ್ಧರ್ಧ ಹಾಕಿ, ಹಬೆ ಇಳಿದ ಮೇಲೆ ಮೇಜಿನ ಮೇಲಿಡಲಿ. ಮಕ್ಕಳು ತಟ್ಟೆ ಹಿಡಿದು ಅಲ್ಲಿಗೇ ಬರಲಿ. ಮೊದಲು ಬಂದವರಿಗೆ ಧಾರಾಳವಾಗಿ ಬಡಿಸಿ ಕೊನೆಯವರಿಗೆ ತಳ ಕೆರೆಯುವುದು ಎಲ್ಲ ಕಡೆ ಆಗುವ ಎಡವಟ್ಟು. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ಎಂದು ಲೆಕ್ಕವಿದೆ, ಬೆಂದರೆ ಸುಮಾರು ಎರಡೂವರೆ ಪಟ್ಟು. ಅದಕ್ಕೆ ಎಷ್ಟು ಸೌಟು ಎಂದು ಒಮ್ಮೆ ಅಳೆದು, ಮೊದಲ ಸುತ್ತಿಗೆ ಅದಕ್ಕಿಂತ ತುಸು ಕಡಿಮೆ ಹಾಕಿ, ಉಳಿದದ್ದನ್ನು ಎರಡನೇ ಸುತ್ತಿಗೆ ಇಟ್ಟುಕೊಳ್ಳಬೇಕು.

ಇದಕ್ಕೆಲ್ಲ ಬೇಕಾದ್ದು ನಲ್ಲಿಯ ಬಳಿ ಸೋಪು, ಎರಡು ಬಕೆಟ್ಟು, ಹತ್ತು ಏಪ್ರನ್, ಊಟಕ್ಕೆ ಮುಕ್ಕಾಲು ಗಂಟೆ. ಶಾಲೆಯ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮುಂದಿನ ಸಭೆಯಲ್ಲಿ ಪೋಷಕರು ಇಷ್ಟನ್ನು ಕೇಳಿ ಬರೆಸಿಕೊಳ್ಳಬಹುದು.