ಆಟಿಯ ರಾತ್ರಿ, ಟೈಮ್ ಟ್ರಯಲ್ ಮತ್ತು ಮದ್ದಿನ ಮಾತು: ಕಾಸರಗೋಡಿನಿಂದ

ಜುಲೈ ನಡು ದಾಟಿದರೆ ಇಲ್ಲಿ ತುಳುವರ ಆಟಿ ತಿಂಗಳು. ಯಕ್ಷಗಾನ ಮೇಳಗಳು ಮೇ ಕೊನೆಯ ಪತ್ತನಾಜೆಗೇ ಗೆಜ್ಜೆ ಬಿಚ್ಚಿರುತ್ತವೆ, ಊರೂರಲ್ಲಿ ತಾಳಮದ್ದಳೆ ಕೂಟ ನಡೆಯುತ್ತಿರುತ್ತದೆ, ಅಡಿಕೆಗೆ ಮದ್ದು ಬಿಡುವವರು ಎರಡು ಮಳೆಯ ನಡುವೆ ಹೊಳವಾಗುವುದನ್ನು ಕಾಯುತ್ತಿರುತ್ತಾರೆ. ಕಾಲ್ಚೆಂಡಿನ ಹುಚ್ಚಿರುವ ಈ ಜಿಲ್ಲೆಯಲ್ಲಿ ಸೈಕಲ್ ರೇಸು ನೋಡುವವರು ಕಡಿಮೆ. ನೋಡುವವರು ಮಾತ್ರ ಟೂರ್ ದ ಫ್ರಾನ್ಸ್‌ನ ಮೂರು ವಾರವನ್ನೂ ಬಿಡದೆ ನೋಡುತ್ತಾರೆ. ಕರ್ನಾಟಕದ ಒಳಗಿರುವ ಓದುಗರಿಗೆ ಅವರ ವಾದ ಹೇಗೆ ನಡೆಯುತ್ತದೆ, ಎಲ್ಲಿ ಹಳಿ ತಪ್ಪುತ್ತದೆ ಎಂದು ತಿಳಿಸಲು ಈ ಬರಹ.

ಮೊದಲು ಭಾಷೆಯ ಮಾತು. ಕನ್ನಡ ಪತ್ರಿಕೆ ‘ಉದ್ದೀಪನ ಮದ್ದು’ ಎಂದು ಬರೆದರೆ ಪಕ್ಕದ ಮಲಯಾಳ ಪತ್ರಿಕೆ ‘ಉತ್ತೇಜಕ ಮರುನ್ನ್’ ಎನ್ನುತ್ತದೆ, ತುಳುವಿನಲ್ಲಿ ಬರೀ ‘ಮರ್ದ್’. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆಮರದ ಕೆತ್ತೆಯ ಕಷಾಯ ಕುಡಿಯುವುದೂ ಮದ್ದೇ, ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣವೂ ಮದ್ದೇ. ಆದ್ದರಿಂದ ‘ಅವನು ಮದ್ದು ತೆಗೊಂಡಿದ್ದಾನೆ’ ಎಂದರೆ ಇಲ್ಲಿ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: ಯಾವ ಮದ್ದು, ಎಷ್ಟು, ಯಾವಾಗ? ಸೈಕಲ್ ರೇಸಿನ ಸಂಶಯಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ.

ಬೇಸಗೆಯಲ್ಲಿ ಫ್ರಾನ್ಸಿಗೂ ನಮಗೂ ಮೂರೂವರೆ ಗಂಟೆಯ ವ್ಯತ್ಯಾಸ. ಟೈಮ್ ಟ್ರಯಲ್‌ನಲ್ಲಿ ಒಬ್ಬೊಬ್ಬನೇ ಗಡಿಯಾರದ ವಿರುದ್ಧ ಓಡಿಸುತ್ತಾನೆ; ಒಟ್ಟು ಪಟ್ಟಿಯ ಕೊನೆಯವನು ಮೊದಲು ಹೊರಡುತ್ತಾನೆ, ಒಟ್ಟು ಸಮಯದಲ್ಲಿ ಮುಂದಿರುವ ಹಳದಿ ಜೆರ್ಸಿಯವನು ಕಟ್ಟಕಡೆಗೆ. ಹಾಗಾಗಿ ನಿಜವಾದ ಪೈಪೋಟಿ ನಮ್ಮ ರಾತ್ರಿ ಎಂಟೂವರೆಯಿಂದ ಒಂಬತ್ತರ ಆಸುಪಾಸಿಗೆ, ಗಾಳಿಮಳೆಗೆ ಕರೆಂಟು ಹೋಗುವ ಹೊತ್ತಿಗೇ ಬೀಳುತ್ತದೆ. ಫೋನ್ ತುಂಬ ಚಾರ್ಜ್ ಇರಲಿ. ಚಿತ್ರ ನಿಂತುಹೋದರೂ ದಾರಿ ನಡುವಿನ ಅಧಿಕೃತ ಸಮಯಗಳನ್ನು ಬರೆದುಕೊಳ್ಳಬಹುದು. ಆಮೇಲಿನ ವಾದಕ್ಕೆ ಚಿತ್ರಕ್ಕಿಂತ ಅವೇ ಬೇಕು.

2023ರ ಟೂರ್‌ನ ಜುಲೈ 18ರ ಟೈಮ್ ಟ್ರಯಲ್ ಓಟವನ್ನು ಇಂದಿಗೂ ಎಳೆದು ತರುತ್ತಾರೆ. ಪಾಸಿಯಿಂದ ಕಾಂಬ್ಲೂವರೆಗೆ 22.4 ಕಿ.ಮೀ. ಯೋನಸ್ ವಿಂಗೆಗೋರ್ 32 ನಿಮಿಷ 36 ಸೆಕೆಂಡಿನಲ್ಲಿ ಮುಗಿಸಿದರು, ಎರಡನೆಯ ತದೇಯ್ ಪೊಗಾಚರ್ 1 ನಿಮಿಷ 38 ಸೆಕೆಂಡು ಹಿಂದೆ, ಮೂರನೆಯ ವೌಟ್ ವಾನ್ ಆರ್ಟ್ 2 ನಿಮಿಷ 51 ಸೆಕೆಂಡು ಹಿಂದೆ. ಹದಿನೈದು ದಿನದ ಓಟದ ಬಳಿಕವೂ ಒಟ್ಟು ಸಮಯದಲ್ಲಿ ಮೊದಲ ಇಬ್ಬರ ನಡುವೆ ಇದ್ದದ್ದು ಬರೀ 10 ಸೆಕೆಂಡು. ಒಂದೇ ಸಂಜೆಗೆ ಅದು 1 ನಿಮಿಷ 48 ಸೆಕೆಂಡಾಯಿತು. ‘ಎಂತ ಮಾರಾಯ್ರೆ, ಹೀಗೂ ಆಗ್ಲಿಕ್ಕುಂಟಾ?’ ಎಂದು ಒಬ್ಬರು, ‘ಇದ್ ಮರುನ್ನ್ ತನ್ನೆ’ ಎಂದು ಇನ್ನೊಬ್ಬರು. ಹಿಂದಿನ ದಿನ ವಿಶ್ರಾಂತಿಯ ದಿನವಾಗಿತ್ತು ಎಂಬುದು ಸಂಶಯಕ್ಕೆ ಇನ್ನಷ್ಟು ಎಣ್ಣೆ ಹೊಯ್ದಿತು, ಏಕೆಂದರೆ ಮೊದಲೇ ತೆಗೆದಿಟ್ಟ ತಮ್ಮದೇ ರಕ್ತವನ್ನು ವಿಶ್ರಾಂತಿಯ ದಿನ ಮತ್ತೆ ಏರಿಸಿಕೊಳ್ಳುತ್ತಿದ್ದೆವು ಎಂದು ಹಳೆಯ ಸವಾರರೇ ಒಪ್ಪಿಕೊಂಡದ್ದುಂಟು.

ಈ ಮಾತನ್ನು ತಳ್ಳಿಹಾಕುವಂತಿಲ್ಲ. 1998ರ ಫೆಸ್ಟಿನಾ ತಂಡದ ಮದ್ದಿನ ಹಗರಣವನ್ನು ಕಂಡು, 2006ರಲ್ಲಿ ಗೆದ್ದು ಆಮೇಲೆ ಪಟ್ಟ ಕಳೆದುಕೊಂಡ ಫ್ಲಾಯ್ಡ್ ಲ್ಯಾಂಡಿಸ್‌ನನ್ನು, 1999ರಿಂದ 2005ರವರೆಗಿನ ಏಳು ಪಟ್ಟಗಳನ್ನೂ 2012ರಲ್ಲಿ ಕಳೆದುಕೊಂಡ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನನ್ನು ನಂಬಿ ಕಣ್ಣೀರು ಹಾಕಿದವರು ಇದೇ ಅಭಿಮಾನಿಗಳು. ಅವರು ಸಂಶಯಪಡುವುದರಲ್ಲಿ ತಪ್ಪಿಲ್ಲ ಎಂದು ವಿಂಗೆಗೋರ್ ಕೂಡ ಹೇಳಿದರು. ತನ್ನ ಮಗಳಿಗೆ ಕೊಡಲಾಗದ ಯಾವುದನ್ನೂ ತಾನು ತೆಗೆದುಕೊಳ್ಳುವುದಿಲ್ಲ ಎಂದೂ ಸೇರಿಸಿದರು. ವಿಂಗೆಗೋರ್, ಪೊಗಾಚರ್ ಇಬ್ಬರಲ್ಲಿ ಯಾರ ಮೇಲೂ ಉದ್ದೀಪನ ಮದ್ದಿನ ಪ್ರಕರಣವಿಲ್ಲ. ಸಂಶಯ ಇರಲಿ, ಆದರೆ ಲೆಕ್ಕ ಸರಿಯಿರಲಿ ಎನ್ನುವುದಷ್ಟೇ ನಮ್ಮ ಆಗ್ರಹ.

ಅಂದಿನ ಓಟದ ನಿರ್ಣಾಯಕ ತುಂಡು ಡೊಮಾನ್ಸಿಯ ಏರು: 2.5 ಕಿ.ಮೀ., ಸರಾಸರಿ ಶೇ. 9.4. ಅದರ ಬುಡದಲ್ಲಿ ಪೊಗಾಚರ್ ಟೈಮ್ ಟ್ರಯಲ್ ಸೈಕಲ್ ಬಿಟ್ಟು ಮಾಮೂಲಿ ರೋಡ್ ಸೈಕಲ್ ಹತ್ತಿದರು. ವಿಂಗೆಗೋರ್ ಬದಲಾಯಿಸಲಿಲ್ಲ. ಸೈಕಲ್ ಬದಲಿಸಿದ್ದೇ ಸೋಲಿಗೆ ಕಾರಣ ಎಂಬ ಮಾತು ಇಲ್ಲಿ ಬಹಳ ಸಲ ಕೇಳಿಬರುತ್ತದೆ. ಬದಲಿಸುವಾಗ ಆಗುವ ನಷ್ಟವನ್ನು ಬಿಡಿಸಿ ನೋಡಿ: ವೇಗ ಇಳಿಸುವುದು, ಇಳಿದು ಹತ್ತುವುದು, ಶೂವಿನ ತಳದ ಕ್ಲೀಟನ್ನು ಪೆಡಲಿಗೆ ಕೂರಿಸುವುದು, ಏರಿನ ಮೊದಲ ಹೆಜ್ಜೆಯಲ್ಲೇ ನಿಂತಲ್ಲಿಂದ ವೇಗ ಕಟ್ಟುವುದು. ಎಲ್ಲ ಸೇರಿ ಕೆಲವು ಸೆಕೆಂಡುಗಳು. ಹಗುರ ಸೈಕಲ್ ಏರಿನಲ್ಲಿ ಅದರಲ್ಲಿ ಒಂದು ಪಾಲನ್ನು ಹಿಂತಿರುಗಿಸುತ್ತದೆ. ಏರಿನ ಬುಡ ಮುಟ್ಟುವ ಮೊದಲೇ ಪೊಗಾಚರ್ ಅರ್ಧ ನಿಮಿಷದಷ್ಟು ಹಿಂದಿದ್ದರು. ಆ ಅರ್ಧ ನಿಮಿಷವನ್ನು ಸೈಕಲ್ ಬದಲಾವಣೆಯ ತಲೆಗೆ ಕಟ್ಟಲಾಗದು.

ಇನ್ನು ಎಲ್ಲರೂ ಎಸೆಯುವ ಅಂಕಿ, ಸವಾರನ ತೂಕದ ಕಿಲೋಗೆ ಎಷ್ಟು ವಾಟ್ ಬಲ ಎಂಬುದು. ಅದನ್ನು ಬರಿಗೈಯಲ್ಲಿ ತೆಗೆಯುವುದು ಹೀಗೆ. ಲೆಕ್ಕಕ್ಕೆಂದು 60 ಕಿಲೋ ಸವಾರ, ಸೈಕಲ್, ಹೆಲ್ಮೆಟ್, ಬಟ್ಟೆಗೆ 10 ಕಿಲೋ, ಏರು ಮುಗಿಸಿದ್ದು 7 ನಿಮಿಷದಲ್ಲಿ ಎಂದಿಟ್ಟುಕೊಳ್ಳಿ; ಇದು ಯಾರ ಸಮಯವೂ ಅಲ್ಲ. 2.5 ಕಿ.ಮೀ.ಗೆ ಶೇ. 9.4 ಎಂದರೆ 235 ಮೀಟರ್ ಎತ್ತರ. 70 ಕಿಲೋವನ್ನು 9.81ರಿಂದ, ಮತ್ತೆ 235ರಿಂದ ಗುಣಿಸಿ, 420 ಸೆಕೆಂಡಿನಿಂದ ಭಾಗಿಸಿದರೆ 384 ವಾಟ್. ಅದು ಭಾರ ಎತ್ತಲು. ಟಯರು ರಸ್ತೆಗೆ ಉಜ್ಜುವುದಕ್ಕೆ ಸುಮಾರು 16, ಗಾಳಿ ಸೀಳುವುದಕ್ಕೆ ಸುಮಾರು 29. ಒಟ್ಟು 429. ಚೈನಿನಲ್ಲಿ ಕಳೆದುಹೋಗುವ ನೂರಕ್ಕೆ ಎರಡೂವರೆ ಪಾಲು ಸೇರಿಸಿದರೆ 440 ವಾಟ್, ಅಂದರೆ ಕಿಲೋಗೆ 7.3.

ಈಗ ಅದೇ ಲೆಕ್ಕವನ್ನು ಅಲ್ಲಾಡಿಸಿ ನೋಡಿ. ಟಿವಿ ನೋಡಿ ಏರಿನ ಬುಡ ಗುರುತಿಸುವಾಗ 10 ಸೆಕೆಂಡು ಕಡಿಮೆ ಹಿಡಿದರೆ ಉತ್ತರ 7.55. ಬೆನ್ನಿಗೆ ಗಂಟೆಗೆ 7 ಕಿ.ಮೀ.ನ ಮಂದ ಗಾಳಿ ಇತ್ತೆಂದಾದರೆ 7.06. ಏರು ಶೇ. 9.4 ಅಲ್ಲ, 9 ಮಾತ್ರ ಎಂದಾದರೂ 7.06. ಸವಾರನ ತೂಕ 62 ಎಂದು ಹಿಡಿದರೆ ಮಾತ್ರ ಉತ್ತರ ಕದಲುವುದೇ ಇಲ್ಲ, 7.3ರಲ್ಲೇ ನಿಲ್ಲುತ್ತದೆ, ತೂಕ ಮೇಲೂ ಇದೆ, ಕೆಳಗೂ ಇದೆ, ಎರಡೂ ಕಡೆ ಕಡಿದುಹೋಗುತ್ತದೆ. ನಮ್ಮಲ್ಲಿ ಹೆಚ್ಚಿನ ಜಗಳ ನಡೆಯುವುದು ಮಾತ್ರ ‘ಅವನ ತೂಕ ಎಷ್ಟು’ ಎಂಬುದರ ಮೇಲೆಯೇ! ಜಗಳ ಮಾಡಬೇಕಾದ್ದು ಗಾಳಿಯ ಮೇಲೆ, ಏರಿನ ಬುಡ ಎಲ್ಲಿ ಎಂಬುದರ ಮೇಲೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಹಿಂದೆ 35–40 ನಿಮಿಷದ ದೊಡ್ಡ ಏರುಗಳಿಗೆ ಹೇಳಿದ ‘6.2 ದಾಟಿದರೆ ಅನುಮಾನ’ ಎಂಬ ಮಾತನ್ನು ತಂದು 7 ನಿಮಿಷದ ಏರಿಗೆ ಅಂಟಿಸುವುದು. ಮನುಷ್ಯನ ದೇಹ 7 ನಿಮಿಷಕ್ಕೆ ಕೊಡುವ ಬಲವನ್ನು 40 ನಿಮಿಷ ಕೊಡಲಾರದು. ಎರಡನ್ನೂ ಒಂದೇ ಗೆರೆಯಿಂದ ಅಳೆದರೆ ಪ್ರತಿಯೊಬ್ಬನೂ ಕಳ್ಳನಾಗುತ್ತಾನೆ.

ಈ ಅಂಕಿಯ ತೂಕ ಕಾಲಿಗೆ ತಿಳಿಯಬೇಕಿದ್ದರೆ ಅದೇ ಲೆಕ್ಕವನ್ನು ನಮ್ಮ ಪೊಸಡಿಗುಂಪೆಯ ಏರಿನಲ್ಲೋ ಮುರಕಲ್ಲಿನ ಯಾವುದಾದರೂ ಗುಡ್ಡದ ರಸ್ತೆಯಲ್ಲೋ ಮಾಡಿ. ಕಿಲೋಗೆ 3 ವಾಟ್ ಕೊಡುವ, ಅಭ್ಯಾಸವಿರುವ 70 ಕಿಲೋ ಸವಾರನೊಬ್ಬ ಡೊಮಾನ್ಸಿಯಂಥ ಏರನ್ನು ಮುಗಿಸಲು ಸುಮಾರು 16 ನಿಮಿಷ ಬೇಕು. ಒಂದು ಎಚ್ಚರಿಕೆ: ಇಲ್ಲಿನ ಏರುಗಳು ಗಿಡ್ಡ. 60 ಮೀಟರ್ ಎತ್ತರದಲ್ಲಿ ಫೋನು 10 ಮೀಟರ್ ತಪ್ಪು ತೋರಿಸಿದರೆ ಆರರಲ್ಲೊಂದು ಪಾಲು ಲೆಕ್ಕ ಹೋಯಿತು. ಎತ್ತರವನ್ನು ಸಮೋನ್ನತಿ ರೇಖೆಗಳಿರುವ ನಕ್ಷೆಯಿಂದ ತೆಗೆಯಿರಿ, ಗಾಳಿಯಿಲ್ಲದ ಮುಂಜಾವ ಆರಿಸಿ, ಒಂದೇ ಏರನ್ನು ಮೂರು ಸಲ ಹತ್ತಿ ನಡುವಿನ ಸಮಯ ಹಿಡಿಯಿರಿ.

ಸಪಾಟು ರಸ್ತೆಯ ಟೈಮ್ ಟ್ರಯಲ್ ಆದರೆ ಈ ಲೆಕ್ಕ ಹೂಡಲೇಬೇಡಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬಲದ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಗಾಳಿಗೇ ಹೋಗುತ್ತದೆ. ಕೂರುವ ಭಂಗಿ, ಅಂಗಿಯ ಬಟ್ಟೆ, ಹೆಲ್ಮೆಟ್ ಸೇರಿ ಗಾಳಿಯ ತಡೆಯನ್ನು ಹತ್ತರಲ್ಲೊಂದು ಪಾಲು ತಗ್ಗಿಸಿದರೆ 30 ವಾಟಿನಷ್ಟು ಉಳಿತಾಯ. 1989ರಲ್ಲಿ ವರ್ಸಾಯಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಓಟದಲ್ಲಿ 50 ಸೆಕೆಂಡು ಹಿಂದಿದ್ದ ಗ್ರೆಗ್ ಲೆಮಾಂಡ್, ಮೊಣಕೈ ಊರುವ ಟ್ರಯತ್ಲಾನ್ ಹ್ಯಾಂಡಲ್ ಮತ್ತು ಉದ್ದ ಬಾಲದ ಹೆಲ್ಮೆಟ್ ಬಳಸಿ, ಕೂದಲು ಹಿಂದಕ್ಕೆ ಕಟ್ಟಿಕೊಂಡು ಬರಿತಲೆಯಲ್ಲಿ ಓಡಿಸಿದ ಲೊರಾಂ ಫಿನ್ಯೋಂರಿಂದ ಟೂರನ್ನೇ 8 ಸೆಕೆಂಡಿನಲ್ಲಿ ಕಸಿದುಕೊಂಡರು. ಸಪಾಟು ದಾರಿಯಲ್ಲಿ ಹಳೆಯ ದಾಖಲೆಗೂ ಹೊಸ ದಾಖಲೆಗೂ ಹೋಲಿಕೆ ಮಾಡಿ ಮದ್ದಿನ ತೀರ್ಮಾನಕ್ಕೆ ಬರಲಾಗದು.

ಹಾಗಾದರೆ ಮದ್ದು ಗೊತ್ತಾಗುವುದು ಎಲ್ಲಿ? ರಕ್ತದಲ್ಲಿ, ಅದೂ ನಿಧಾನವಾಗಿ. 2008ರಿಂದ ಸೈಕ್ಲಿಂಗ್‌ನಲ್ಲಿ ಜೈವಿಕ ಪಾಸ್‌ಪೋರ್ಟ್ ಇದೆ. ಮದ್ದನ್ನು ಹುಡುಕುವ ಬದಲು ಮದ್ದು ರಕ್ತದಲ್ಲಿ ಬಿಟ್ಟುಹೋದ ಗುರುತನ್ನು ಹುಡುಕುವ ಕ್ರಮ ಇದು. ಓಟವೋ ಅಭ್ಯಾಸವೋ ಮುಗಿದು ಸ್ವಲ್ಪ ಹೊತ್ತು ಕಳೆಯಬೇಕು, ಸವಾರ ಪಾದ ನೆಲಕ್ಕೂರಿ 10 ನಿಮಿಷ ಸುಮ್ಮನೆ ಕೂತಿರಬೇಕು, ಆಮೇಲೆ ರಕ್ತ ತೆಗೆಯುತ್ತಾರೆ. ಮಲಗಿದ್ದಾಗ ತೆಗೆದರೆ ರಕ್ತದ ನೀರಿನಂಶ ಬದಲಾಗಿ ಅಂಕಿ ಕೆಡುತ್ತದೆ. ಇತ್ತೀಚೆಗೆ ಎತ್ತರದ ಜಾಗದಲ್ಲಿ ಇದ್ದರೇ ಎಂಬುದನ್ನೂ ನಮೂನೆಯಲ್ಲಿ ಬರೆಸಿಕೊಳ್ಳುತ್ತಾರೆ.

ನೋಡುವ ಮುಖ್ಯ ಅಂಕಿಗಳು ಎರಡು: ಹಿಮೋಗ್ಲೋಬಿನ್, ಮತ್ತು ಹೊಸದಾಗಿ ಹುಟ್ಟಿದ ಎಳೆಯ ಕೆಂಪು ರಕ್ತಕಣಗಳ ಶೇಕಡಾ ಪಾಲು. ಲೀಟರಿಗೆ ಗ್ರಾಂ ಲೆಕ್ಕದ ಹಿಮೋಗ್ಲೋಬಿನ್‌ನಿಂದ ಎಳೆಯ ಕಣಗಳ ಶೇಕಡಾ ಪಾಲಿನ ವರ್ಗಮೂಲದ 60 ಪಟ್ಟನ್ನು ಕಳೆದರೆ ಬರುವುದು ‘ಆಫ್ ಸ್ಕೋರ್’. ಹಿಮೋಗ್ಲೋಬಿನ್ 150, ಎಳೆಯ ಕಣ ಶೇ. 1 ಇದ್ದರೆ ಸ್ಕೋರ್ 90. ಹೊರಗಿನಿಂದ ರಕ್ತ ಏರಿಸಿಕೊಂಡರೆ ಹಿಮೋಗ್ಲೋಬಿನ್ ಏರುತ್ತದೆ. ಸಾಕಷ್ಟು ಇದೆ ಎಂದುಕೊಂಡ ಮೂಳೆಮಜ್ಜೆ ಹೊಸ ಕಣ ಹುಟ್ಟಿಸುವುದನ್ನು ಕಡಿಮೆ ಮಾಡುತ್ತದೆ. 160 ಮತ್ತು ಶೇ. 0.4 ಆದರೆ ಸ್ಕೋರ್ 122. ಕೆಂಪು ರಕ್ತಕಣ ಹುಟ್ಟಿಸುವ ಹಾರ್ಮೋನಾದ ಇಪಿಒ ಚುಚ್ಚಿಕೊಂಡಾಗ ಇದು ತಿರುಗುಮುರುಗು: ಮೊದಲು ಎಳೆಯ ಕಣ ಏರುತ್ತದೆ, ಮದ್ದು ನಿಲ್ಲಿಸಿದ ಮೇಲೆ ಕುಸಿಯುತ್ತದೆ. ಮೂರು ವಾರದ ಓಟದಲ್ಲಿ ದೇಹ ನೀರು ಹಿಡಿದಿಟ್ಟುಕೊಳ್ಳುವುದರಿಂದ ಹಿಮೋಗ್ಲೋಬಿನ್ ಇಳಿಯುವುದೇ ಸಹಜ. ಇಳಿಯದೆ ನೆಟ್ಟಗೆ ನಿಂತರೆ ತಜ್ಞರು ಹುಬ್ಬೇರಿಸುತ್ತಾರೆ.

ಇದಕ್ಕೂ ತೂತುಗಳಿವೆ. ಸಣ್ಣ ಸಣ್ಣ ಪ್ರಮಾಣದಲ್ಲಿ ರಾತ್ರಿ ತೆಗೆದುಕೊಂಡ ಇಪಿಒ ಬೆಳಗಾಗುವುದರೊಳಗೆ ಪತ್ತೆಯ ಮಟ್ಟಕ್ಕಿಂತ ಕೆಳಗಿಳಿಯಬಲ್ಲದು; ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯವಾಗಿ ಪರೀಕ್ಷೆಗೆ ಯಾರೂ ಬಾರದ ಆ ಬಿಡುವಿನ ಬಗ್ಗೆ ಸೈಕ್ಲಿಂಗ್ ಕುರಿತ 2015ರ ವಿಚಾರಣಾ ವರದಿಯೇ ಎಚ್ಚರಿಸಿತ್ತು. ‘ಇಷ್ಟು ಸಲ ಪರೀಕ್ಷೆ ಮಾಡಿದರೂ ಸಿಕ್ಕಿಲ್ಲ’ ಎಂಬುದು ನಿರಪರಾಧದ ಪುರಾವೆ ಅಲ್ಲ ಎನ್ನಲು ಇದೇ ಕಾರಣ. ಆರ್ಮ್‌ಸ್ಟ್ರಾಂಗ್‌ನನ್ನು ಕೊನೆಗೆ ಕೆಡವಿದ್ದು 26 ಜನರ ಸಾಕ್ಷ್ಯ. ಅವರಲ್ಲಿ 11 ಮಂದಿ ಅವನದೇ ತಂಡದಲ್ಲಿ ಓಡಿಸಿದವರು.

ಮೋಟಾರಿನ ಮಾತೂ ಬರುತ್ತದೆ. ಚೌಕಟ್ಟಿನೊಳಗೆ ಮೋಟಾರ್ ಅಡಗಿಸಿದ ಸೈಕಲ್ 2016ರ ಜನವರಿಯಲ್ಲಿ ಬೆಲ್ಜಿಯಂನ ಜೋಲ್ಡರ್‌ನಲ್ಲಿ ಸಿಕ್ಕಿದ್ದು ನಿಜ. ಸವಾರಳಿಗೆ 6 ವರ್ಷ ನಿಷೇಧವಾಯಿತು. ಈಗ ಕಾಂತಕ್ಷೇತ್ರ ಅಳೆಯುವ ಟ್ಯಾಬ್ಲೆಟ್ ಕಂಪ್ಯೂಟರಿನಿಂದಲೂ ಎಕ್ಸ್‌ರೇಯಿಂದಲೂ ನೋಡುತ್ತಾರೆ.

ತಾಳಮದ್ದಳೆಯಲ್ಲಿ ಎದುರು ಕೂತು ಅರ್ಥ ಹೇಳುವ ಅರ್ಥಧಾರಿ ಪದ್ಯದ ಆಧಾರ ಕೇಳಿದರೆ ಕೊಡಲೇಬೇಕು. ಈ ಕೂಟದಲ್ಲೂ ಹಾಗೇ ಕೇಳುವ ರೂಢಿ ಬೆಳೆಯಲಿ. ವಾದಕ್ಕೆ ಕೂರುವವರು ನೋಟ್‌ಪುಸ್ತಕದಲ್ಲಿ ಒಂದು ಓಟಕ್ಕೆ ಒಂದು ಪುಟ ಬಿಡಿ: ದೂರ, ಏರಿನ ಬುಡ ಮತ್ತು ತುದಿ ಎಂದು ಹಿಡಿದ ಗುರುತು (ತಿರುವೋ ಫಲಕವೋ), ಮಧ್ಯದ ಅಧಿಕೃತ ಸಮಯ, ಗಾಳಿಯ ದಿಕ್ಕು, ಮಳೆಯಿತ್ತೇ ಬಿಸಿಲೇ, ಮೊದಲ ಮೂವರ ಅಂತರ. ಮೂರನೆಯವನ ಅಂತರವನ್ನು ಮರೆಯಬೇಡಿ. 2023ರಲ್ಲಿ ಸೋತ ಪೊಗಾಚರ್ ಕೂಡ ವಾನ್ ಆರ್ಟ್‌ಗಿಂತ 1 ನಿಮಿಷ 13 ಸೆಕೆಂಡು ಮುಂದಿದ್ದರು ಎಂಬುದು ಆ ಪುಟದಲ್ಲಿ ಮಾತ್ರ ಕಣ್ಣಿಗೆ ಬೀಳುತ್ತದೆ. ಸಂಗ್ರಹಿಸಿದ ಮಾದರಿಗಳನ್ನು ಮತ್ತೆ ಪರೀಕ್ಷಿಸಲು ನಿಯಮದಲ್ಲಿ 10 ವರ್ಷದವರೆಗೆ ಅವಕಾಶವಿದೆ. 2023ರ ಜುಲೈ 18ರ ಪುಟ ಕನಿಷ್ಠ 2033ರ ಮಳೆಗಾಲದವರೆಗೆ ಒದ್ದೆಯಾಗದಂತೆ ಇರಲಿ.