ಗುರುವಿನ ಗುರಾಣಿ, ಶಿಷ್ಯನ ಗುರಾಣಿ

19 ಅಕ್ಟೋಬರ್ 2024, ಶನಿವಾರ

ಪರಮಾಣು ವಿಜ್ಞಾನಿ ಅರ್ನೆಸ್ಟ್ ರುದರ್‌ಫರ್ಡ್ ತೀರಿಕೊಂಡಿದ್ದು 1937ರಲ್ಲಿ, ಇದೇ ದಿನ. ಅವರ ಶಿಷ್ಯ, ಡೆನ್ಮಾರ್ಕಿನ ಭೌತವಿಜ್ಞಾನಿ ನೀಲ್ಸ್ ಬೋರ್ ಆಗ ಇಟಲಿಯ ಬೊಲೊನ್ಯಾದಲ್ಲಿ ಒಂದು ವಿಜ್ಞಾನ ಸಮ್ಮೇಳನಕ್ಕೆ ಬಂದಿದ್ದರು. ಸಾವಿನ ಸುದ್ದಿಯನ್ನು ಸಭೆಗೆ ಹೇಳುವ ಕೆಲಸ ಅವರ ಪಾಲಿಗೇ ಬಂತು. ಗುರುವಿನ ಮೇಲೆ ಎಷ್ಟು ಪ್ರೀತಿ ಅಂದರೆ, ಒಬ್ಬ ಮಗನಿಗೆ ಅರ್ನೆಸ್ಟ್ ಅಂತಲೇ ಹೆಸರಿಟ್ಟಿದ್ದರು.

ಮಧ್ಯಾಹ್ನ ಊಟ ಆದಮೇಲೆ ಇವರಿಬ್ಬರ ಲಾಂಛನಗಳನ್ನು ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಬಿಡಿಸಿದೆ. ಯುರೋಪಿನಲ್ಲಿ ಒಬ್ಬ ಮನುಷ್ಯನಿಗೆ ಅಂತಲೇ ಗುರಾಣಿಯ ಚಿತ್ರ ಇರುತ್ತದಲ್ವಾ, ಅದು. ಸಾಮಾನ್ಯವಾಗಿ ಅಪ್ಪನಿಂದ ಮಗನಿಗೆ ಬರುತ್ತದೆ. ನ್ಯೂಟನ್ ಅವರ ಗುರಾಣಿಯಲ್ಲಿ ಕಪ್ಪು ಬಣ್ಣದ ಮೇಲೆ ಅಡ್ಡಡ್ಡ ಇಟ್ಟ ಎರಡು ಬಿಳಿ ಮೂಳೆಗಳಿವೆ. ಮನೆತನದ ಗುರುತು. ಬೆಳಕಾಗಲಿ, ಗುರುತ್ವವಾಗಲಿ ಅದರಲ್ಲಿ ಎಲ್ಲೂ ಇಲ್ಲ. ಬೋರ್ ಮತ್ತು ರುದರ್‌ಫರ್ಡ್ ಹಾಗೆ ಮಾಡಲಿಲ್ಲ. ತಾವು ಮಾಡಿದ ಕೆಲಸವನ್ನೇ ಗುರಾಣಿಯ ಮೇಲೆ ಬರೆಸಿದರು.

ರುದರ್‌ಫರ್ಡ್ ಬ್ಯಾರನ್ (ಬ್ರಿಟನ್ನಿನ ಒಂದು ಗೌರವ ಪದವಿ) ಆಗಿದ್ದು 1931ರಲ್ಲಿ. ಅವರ ಗುರಾಣಿಯನ್ನು ಎರಡು ಬಾಗಿದ ಗೆರೆಗಳು ನಾಲ್ಕು ಭಾಗ ಮಾಡುತ್ತವೆ. ಕೆಂಪು, ಚಿನ್ನ, ಕೆಂಪು, ಚಿನ್ನ. ಮೊದಲ ನೋಟಕ್ಕೆ ಸುಮ್ನೆ ಅಲಂಕಾರ ಅನ್ನಿಸುತ್ತದೆ. ಆದರೆ ಆ ಗೆರೆಗಳು ಅವರ ಪ್ರಯೋಗದ ಗ್ರಾಫ್!

1902ರ ಸುಮಾರಿಗೆ ಕೆನಡಾದ ಮಾಂಟ್ರಿಯಲ್‌ನಲ್ಲಿ ಅವರೂ ರಸಾಯನ ವಿಜ್ಞಾನಿ ಫ್ರೆಡರಿಕ್ ಸಾಡಿಯವರೂ ಥೋರಿಯಂ ಎಂಬ ವಿಕಿರಣ ಸೂಸುವ ಲೋಹದಿಂದ ಒಂದು ವಸ್ತುವನ್ನು ಬೇರೆ ಮಾಡಿದರು. ಅದಕ್ಕೆ ಥೋರಿಯಂ ಎಕ್ಸ್ ಅಂತ ಹೆಸರಿಟ್ಟರು. ವಿಕಿರಣದ ಬಹುಪಾಲು ಅದರ ಜೊತೆಗೇ ಹೋಯಿತು. ಹಾಗೇ ಬಿಟ್ಟು ನೋಡಿದರೆ, ಥೋರಿಯಂ ಎಕ್ಸ್‌ನ ಶಕ್ತಿ ಸುಮಾರು ನಾಲ್ಕು ದಿನಕ್ಕೆ ಅರ್ಧವಾಗುತ್ತಿತ್ತು. ಸಪ್ಪಗಾಗಿದ್ದ ಥೋರಿಯಂ ಅಷ್ಟೇ ದಿನದಲ್ಲಿ ಕಳೆದುಕೊಂಡಿದ್ದರ ಅರ್ಧವನ್ನು ಮತ್ತೆ ಗಳಿಸುತ್ತಿತ್ತು. ಮೊದಲ ಒಂದೆರಡು ದಿನದ ಏರುಪೇರು ಬಿಟ್ಟರೆ ಲೆಕ್ಕ ಕರಾರುವಾಕ್ಕು. ಇಲ್ಲಿ 50 ಆದಾಗ ಅಲ್ಲಿ 50. ಇಲ್ಲಿ 25ಕ್ಕೆ ಇಳಿದಾಗ ಅಲ್ಲಿ 75. ಯಾವ ದಿನ ಕೂಡಿಸಿದರೂ ನೂರು. ಒಂದು ಧಾತು ತಾನಾಗೇ ಇನ್ನೊಂದಾಗಿ ಬದಲಾಗುತ್ತಿದೆ ಎಂಬ ಮಾತು ಈ ಕೆಲಸದಿಂದಲೇ ಗಟ್ಟಿಯಾಯಿತು. ಇಳಿಯುವ ಗೆರೆ, ಏರುವ ಗೆರೆ, ಎರಡೂ ಸೇರುವ ಜಾಗ. ಅದನ್ನು ಗುರಾಣಿಗೆ ತಂದಿದ್ದಾರೆ ನೋಡಿ, ಎಂಥ ಧೈರ್ಯ!

ಉಳಿದದ್ದು ಸ್ವಲ್ಪ ಜಾಸ್ತಿಯೇ ಆಯಿತು. ಹಳೆಯ ರುದರ್‌ಫರ್ಡ್ ಮನೆತನದ ಪುಟ್ಟ ಕಪ್ಪು ಹಕ್ಕಿಗಳು, ಮೇಲೆ ನ್ಯೂಜಿಲೆಂಡಿನ ಕಿವಿ ಹಕ್ಕಿ, ಒಂದು ಪಕ್ಕ ರಸವಾದಿಗಳ ಆದಿಗುರು ಹರ್ಮಿಸ್, ಇನ್ನೊಂದು ಪಕ್ಕ ನ್ಯೂಜಿಲೆಂಡಿನ ಮೂಲನಿವಾಸಿ ಮಾವೋರಿ ವೀರ. ಕಿವಿ ಮತ್ತು ಮಾವೋರಿ ವೀರ ಇರುವುದು ನನಗೆ ಇಷ್ಟ. ದೂರದ ದ್ವೀಪದ ರೈತರ ಮನೆಯ ಹುಡುಗ ತನ್ನ ನೆಲವನ್ನು ಬಿಟ್ಟುಕೊಡಲಿಲ್ಲ.

ಬೋರ್ ಅವರದು ಇದಕ್ಕೆ ತದ್ವಿರುದ್ಧ. ಮಗುವೂ ಬಿಡಿಸಬಹುದು. 1947ರಲ್ಲಿ ಡೆನ್ಮಾರ್ಕಿನ ದೊರೆ ಅವರಿಗೆ 'ಆನೆ' ಪದವಿ ಕೊಟ್ಟರು. ಅದು ಸಾಮಾನ್ಯವಾಗಿ ರಾಜಮನೆತನದವರಿಗೆ, ದೇಶಗಳ ಮುಖ್ಯಸ್ಥರಿಗೆ ಸಿಗುವ ಗೌರವ. ಪದವಿ ಪಡೆದವರ ಲಾಂಛನವನ್ನು ಫ್ರೆಡರಿಕ್ಸ್‌ಬೋರ್ಗ್ ಅರಮನೆಯ ಪ್ರಾರ್ಥನಾ ಮಂದಿರದಲ್ಲಿ ತೂಗುಹಾಕುತ್ತಾರೆ. ಬೋರ್ ಅವರ ಹತ್ತಿರ ಇರಲಿಲ್ಲ, ಹೊಸದಾಗಿ ಮಾಡಿಸಿದರು. ಗುರಾಣಿಯ ನಡುವೆ ಚೀನಾದ ಯಿನ್-ಯಾಂಗ್ ಚಕ್ರ, ಎರಡು ವಿರುದ್ಧ ಭಾಗಗಳು ಸೇರಿ ಒಂದು ವೃತ್ತವಾಗುವುದು, ಕೆಂಪು ಮತ್ತು ಕಪ್ಪಿನಲ್ಲಿ. ಜೊತೆಗೆ ಲ್ಯಾಟಿನ್ನಿನಲ್ಲಿ ಒಂದು ಸಾಲು: ಒಂದಕ್ಕೊಂದು ವಿರುದ್ಧವಾದವು ಒಂದಕ್ಕೊಂದು ಪೂರಕ. ಗುರಾಣಿಯ ಸುತ್ತ ಆ ಪದವಿಯ ಚಿನ್ನದ ಸರ. ಅದರಿಂದ ತೂಗುವ ಆನೆಯ ಬೆನ್ನ ಮೇಲಿನ ಪುಟ್ಟ ಗೋಪುರ ನೋಡಿದರೆ ನಮ್ಮ ದಸರಾ ಅಂಬಾರಿಯೇ ನೆನಪಾಗುತ್ತದೆ.

ಬೋರ್ ಪೂರ್ವದೇಶದ ತತ್ತ್ವದಿಂದ ಭೌತವಿಜ್ಞಾನ ಮಾಡಿದರು ಅಂತ ಕೆಲವರು ಹೇಳುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಎಲೆಕ್ಟ್ರಾನ್ ಒಂದು ಪ್ರಯೋಗದಲ್ಲಿ ಅಲೆ, ಇನ್ನೊಂದರಲ್ಲಿ ಕಣ, ಪೂರ್ತಿ ಚಿತ್ರಕ್ಕೆ ಎರಡೂ ಬೇಕು ಎಂದು ಅವರು ಇಟಲಿಯ ಕೊಮೊ ಊರಿನಲ್ಲಿ ವಾದಿಸಿದ್ದು 1927ರಲ್ಲೇ. ಆ ಮಾತು ಬಂದಿದ್ದು ಪ್ರಯೋಗಗಳ ಒತ್ತಡದಿಂದ. ಚಕ್ರ ಗುರಾಣಿಗೆ ಬಂದಿದ್ದು ಅದಾಗಿ 20 ವರ್ಷದ ಮೇಲೆ. ಅಷ್ಟೇ ಅಲ್ಲ, ಚಕ್ರದಲ್ಲಿ ಎರಡು ಭಾಗಗಳೂ ಒಟ್ಟಿಗೆ ಕಾಣುತ್ತವೆ. ಬೋರ್ ಹೇಳಿದ್ದು, ಒಂದನ್ನು ನೋಡುವಾಗ ಇನ್ನೊಂದು ಕಾಣದು ಅಂತ. ಅಲ್ಲಿ ಚಿತ್ರ ಸ್ವಲ್ಪ ಸೋಲುತ್ತದೆ.

ಎರಡನ್ನೂ ಪಕ್ಕಪಕ್ಕ ಇಟ್ಟಾಗ ಒಂದು ಹೊಳೆಯಿತು. ಗುರುವಿನ ಗುರಾಣಿಯಲ್ಲೂ ಎರಡು ಎದುರಾಳಿಗಳು, ಒಂದು ಇಳಿದಷ್ಟು ಇನ್ನೊಂದು ಏರಿ ಪೂರ್ತಿಯಾಗುತ್ತವೆ. ಬೋರ್ ಗುರಾಣಿಯ ಮೇಲಿನ ಆ ಲ್ಯಾಟಿನ್ ಸಾಲು ಥೋರಿಯಂನ ಗ್ರಾಫಿಗೂ ಒಪ್ಪುತ್ತದೆ. ಬೋರ್ ಇದನ್ನು ಬೇಕೆಂದೇ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಹೋಲಿಕೆ ಕಣ್ಣಿಗೆ ಬಿದ್ದಮೇಲೆ ಬಿಡುತ್ತಿಲ್ಲ. ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಗುರುವಿನದನ್ನೇ ಆರಿಸುತ್ತೇನೆ. ಚಕ್ರ ಮೊದಲೇ ಇತ್ತು. ಆ ಬಾಗಿದ ಗೆರೆಗಳನ್ನು ದಿನಾ ಅಳೆದು, ಗುರುತು ಹಾಕಿ ಪಡೆಯಬೇಕಿತ್ತು.

ಸೋಮವಾರ ಕ್ಲಾಸಿಗೆ ಗ್ರಾಫ್ ಹಾಳೆ ತೆಗೆದುಕೊಂಡು ಹೋಗುತ್ತೇನೆ. 100, 50, 25, 12.5 ಅಂತ ಮಕ್ಕಳೇ ಗುರುತು ಹಾಕಿ ಎರಡೂ ಗೆರೆ ಎಳೆಯಲಿ. ಗುರಾಣಿಯ ಚಿತ್ರ ತೋರಿಸುವುದು ಆಮೇಲೆ.