ಜ್ಯಾಕ್ ಸಮಾಧಿ ಎಲ್ಲಿ ಅಂತ ಕೇಳುವವರಿಗೆ

ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿದ್ದೀನಿ ಅಂದರೆ ಸಾಕು, ಮುಂದಿನ ಪ್ರಶ್ನೆ ಗೊತ್ತೇ ಇದೆ. "ಟೈಟಾನಿಕ್‌ನಲ್ಲಿ ಸತ್ತವರನ್ನ ಹೂತಿದ್ದು ಅಲ್ಲೇ ಅಲ್ವಾ? ಜ್ಯಾಕ್ ಸಮಾಧಿನೂ ಇದೆಯಂತೆ?" ಊರಿಂದ ಫೋನ್ ಮಾಡಿದವರೂ ಕೇಳುತ್ತಾರೆ, ಇಲ್ಲಿಯ ಯುಗಾದಿ ಊಟದ ಸಾಲಿನಲ್ಲಿ ಪಕ್ಕದಲ್ಲಿ ಕೂತವರೂ ಕೇಳುತ್ತಾರೆ. ಬಾಯಲ್ಲಿ ಹೇಳಿ ಸಾಕಾಗಿದೆ. ಬರೆದಿಡುತ್ತೇನೆ.

ಇದೆ. ಫೇರ್‌ವ್ಯೂ ಲಾನ್ ಸ್ಮಶಾನದಲ್ಲಿ ಟೈಟಾನಿಕ್‌ನ 121 ಜನರ ಸಮಾಧಿಗಳಿವೆ. 227ನೇ ನಂಬರಿನ ಕಲ್ಲಿನ ಮೇಲೆ "ಜೆ. ಡಾಸನ್" ಅಂತ ಕೆತ್ತಿದ್ದಾರೆ. ಅವನು ಟೈಟಾನಿಕ್ ಸಿನಿಮಾದ ಜ್ಯಾಕ್ ಡಾಸನ್ ಅಲ್ಲ. ಹೆಸರು ಜೋಸೆಫ್, ಡಬ್ಲಿನ್‌ನವನು. ಹಡಗಿನ ತಳದಲ್ಲಿ ಬಾಯ್ಲರ್‌ಗಳಿಗೆ ಕಲ್ಲಿದ್ದಲು ಸಾಗಿಸುತ್ತಿದ್ದ ಕೂಲಿಯವನು. ಹೂವಿಡುವುದಾದರೆ ದಯವಿಟ್ಟು ಅವನಿಗೇ ಇಡಿ. ಅವನೂ ನಿಜವಾಗಿ ಬದುಕಿದ್ದವನು.

ಉತ್ತರ ಮುಗಿಯಿತು. ನನ್ನ ಸಂಕಟ ಬೇರೆ ಇದೆ.

ಹೋದ ಬೇಸಿಗೆಯಲ್ಲಿ ಚಿಕ್ಕಮ್ಮನ ಮಗ ಬಂದಿದ್ದ. ಆ ಸಮಾಧಿಯ ಮುಂದೆ ಎರಡೂ ಕೈ ಚಾಚಿ ಫೋಟೋ ತೆಗೆಸಿಕೊಂಡ. ಆಮೇಲೆ ನಾನು ಅವನನ್ನು ಆರ್ಮ್‌ಡೇಲ್ ಕಡೆ ಕರೆದುಕೊಂಡು ಹೋದೆ. ಅಲ್ಲಿ ಕಟ್ಟೆಯ ಮೇಲೆ ಒಂದು ದಪ್ಪ ಕಬ್ಬಿಣದ ತುಂಡಿದೆ. ಮೋಂ ಬ್ಲಾಂ ಅನ್ನುವ ಫ್ರೆಂಚ್ ಹಡಗಿನ ಲಂಗರಿನ ಭಾಗ. ತೂಕ 517 ಕಿಲೋ. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರ ಡಿಸೆಂಬರ್ 6ರಂದು, ಹಡಗು ಸಿಡಿದಾಗ ಸುಮಾರು 4 ಕಿಲೋಮೀಟರ್ ಹಾರಿ ಬಂದು ಅಲ್ಲಿ ಬಿತ್ತು ಅಂತ ಹೇಳಿದೆ.

"ಜರ್ಮನಿಯವರು ಬಾಂಬ್ ಹಾಕಿದ್ರಾ ಅಕ್ಕ?"

"ಇಲ್ಲಪ್ಪ. ಎರಡು ಹಡಗು ಡಿಕ್ಕಿ ಹೊಡೆದವು."

"ಓ, ಹಾಗಾದ್ರೆ ಆಕ್ಸಿಡೆಂಟು. ಯುದ್ಧ ನಡೆದಿದ್ದು ಯುರೋಪಲ್ಲಿ ಅಲ್ವಾ, ಇಲ್ಲಿಯವರಿಗೇನು?"

ಮೈಯೆಲ್ಲ ಉರಿಯಿತು. ಅವನದೇ ತಪ್ಪು ಅಂತ ಅಲ್ಲ, ಎಲ್ಲರೂ ಹೀಗೇ ಹೇಳುತ್ತಾರೆ. ಯುದ್ಧ ಅಂದರೆ ಸೈನಿಕರು ಹೋಗಿ ಹೊಡೆದಾಡುವ ಜಾಗ ಮಾತ್ರ ಅಂತ ನಮಗೆ ತಲೆಯಲ್ಲಿ ಕೂತುಬಿಟ್ಟಿದೆ.

ಕೆನಡಾದ ಸೈನಿಕರು ಫ್ರಾನ್ಸಿಗೆ ಹಡಗು ಹತ್ತುತ್ತಿದ್ದದ್ದು ಈ ಬಂದರಿನಲ್ಲೇ. ಗಾಯವಾಗಿ ವಾಪಸ್ ಬಂದು ಇಳಿಯುತ್ತಿದ್ದದ್ದೂ ಇಲ್ಲೇ. ಜರ್ಮನ್ ಸಬ್‌ಮರೀನ್‌ಗಳ ಭಯಕ್ಕೆ ಸರಕು ಹಡಗುಗಳು ಇಲ್ಲಿ ಗುಂಪುಗೂಡಿ, ಕಾವಲಿನ ಜೊತೆ ಸಮುದ್ರ ದಾಟುತ್ತಿದ್ದವು. ಮೋಂ ಬ್ಲಾಂ ನ್ಯೂಯಾರ್ಕ್‌ನಲ್ಲಿ ಸ್ಫೋಟಕ ತುಂಬಿಕೊಂಡು ಆ ಗುಂಪು ಸೇರಲು ಬಂದಿತ್ತು. ಹೊಟ್ಟೆಯಲ್ಲಿ 2,000 ಟನ್ನಿಗೂ ಜಾಸ್ತಿ ಪಿಕ್ರಿಕ್ ಆಸಿಡ್, ಜೊತೆಗೆ ಟಿಎನ್‌ಟಿ, ಡೆಕ್ ಮೇಲೆ ಬೆಂಜಾಲ್ ಅನ್ನುವ, ಬೇಗ ಬೆಂಕಿ ಹತ್ತುವ ಇಂಧನದ ಪೀಪಾಯಿಗಳು. ಯುದ್ಧಕ್ಕೆ ಮುಂಚೆ ಇಂಥ ಹಡಗನ್ನು ಬಂದರಿನ ಒಳಗೆ ಬಿಡುತ್ತಿರಲಿಲ್ಲ. ಯುದ್ಧ ಬಂತು, ನಿಯಮ ಸಡಿಲವಾಯಿತು. ಸ್ಫೋಟಕ ಇದೆ ಅಂತ ತೋರಿಸುವ ಕೆಂಪು ಬಾವುಟವನ್ನೂ ಹಾರಿಸಿರಲಿಲ್ಲ, ಶತ್ರುವಿಗೆ ಗೊತ್ತಾಗುತ್ತದೆ ಅಂತ. ಎದುರಿಗೆ ಬಂದ ಇಮೋ ನಾರ್ವೆಯ ಹಡಗು. ಯುದ್ಧದಿಂದ ಹಸಿದಿದ್ದ ಬೆಲ್ಜಿಯಂ ಜನಕ್ಕೆ ಪರಿಹಾರ ಸಾಮಾನು ತುಂಬಿಕೊಳ್ಳಲು ಹೊರಟಿತ್ತು. ಇದರಲ್ಲಿ ಯುದ್ಧ ಇಲ್ಲದ್ದು ಯಾವುದು, ಹೇಳಿ?

ಬೆಳಗ್ಗೆ 8:45ರ ಹೊತ್ತಿಗೆ ಡಿಕ್ಕಿ. ಬೆಂಜಾಲ್ ಹತ್ತಿಕೊಂಡಿತು. ಸಿಬ್ಬಂದಿ ದೋಣಿ ಇಳಿಸಿ ಆಚೆ ದಡಕ್ಕೆ ಹೋದರು. ಕೂಗಿ ಹೇಳಿದರು, ಆದರೆ ಫ್ರೆಂಚಿನಲ್ಲಿ. ಹಡಗು ಉರಿಯುತ್ತಾ ಬಂದು ರಿಚ್ಮಂಡ್ ಅನ್ನುವ ಕೂಲಿಕಾರರ ಬಡಾವಣೆಯ ಧಕ್ಕೆಗೆ ತಾಗಿತು.

ಆಮೇಲಿನ ಇಪ್ಪತ್ತು ನಿಮಿಷ ಇದೆಯಲ್ಲ, ನನಗೆ ಅದನ್ನು ದಾಟಿ ಮುಂದೆ ಹೋಗಲು ಆಗುವುದೇ ಇಲ್ಲ. ಬಣ್ಣಬಣ್ಣದ ಬೆಂಕಿ ನೋಡಲು ಜನ ಕಿಟಕಿಗೆ ಬಂದು ನಿಂತರು. ಕೈಕೆಲಸ ಬಿಟ್ಟು ಅಮ್ಮಂದಿರು, ಶಾಲೆಗೆ ಹೊರಟ ಮಕ್ಕಳು. ಹೊರಗೆ ಡಿಸೆಂಬರ್ ಚಳಿ, ಗಾಜು ಮುಚ್ಚಿತ್ತು. ಮುಖವನ್ನು ಗಾಜಿಗೆ ಹಚ್ಚಿಕೊಂಡೇ ನೋಡುತ್ತಿದ್ದರು. 9:04ಕ್ಕೆ ಸಿಡಿಯಿತು. ಸತ್ತವರು ಹೆಚ್ಚುಕಡಿಮೆ 2,000, ಗಾಯಗೊಂಡವರು 9,000. ಸಾವಿರಾರು ಜನರ ಕಣ್ಣಿಗೆ ಗಾಜು ಹೊಕ್ಕಿತು. ಆಚೆ ದಡದಲ್ಲಿ ಮಿಕ್‌ಮಾಕ್ ಮೂಲನಿವಾಸಿಗಳ ಇಡೀ ಹಾಡಿಯೇ ನಾಶವಾಯಿತು. ಮಾರನೇ ದಿನ ಅವಶೇಷಗಳ ಮೇಲೆ 40 ಸೆಂಟಿಮೀಟರ್ ಹಿಮ ಸುರಿಯಿತು.

ಕ್ಯಾಂಪ್ ಹಿಲ್ ಆಸ್ಪತ್ರೆ ಗಾಯಾಳು ಸೈನಿಕರಿಗೆಂದು ಹೊಸದಾಗಿ ಕಟ್ಟಿದ್ದು. ಅಲ್ಲಿದ್ದ ಸೈನಿಕರು ಹಾಸಿಗೆ ಬಿಟ್ಟುಕೊಟ್ಟು, ತಾವೇ ಊರಿನವರ ಆರೈಕೆಗೆ ನಿಂತರು. ಆ್ಯನಿ ಲಿಗ್ಗಿನ್ಸ್ ಅನ್ನುವ ಪುಟ್ಟ ಹುಡುಗಿಗೆ ಆಗ ಎರಡು ವರ್ಷ ತುಂಬಿರಲಿಲ್ಲ. ಒಲೆಯ ಕೆಳಗೆ ಎಸೆಯಲ್ಪಟ್ಟ ಅವಳು ಬೂದಿಯ ಕಾವಿಗೆ ಬದುಕುಳಿದಳು. ಒಂದು ದಿನ ಕಳೆದ ಮೇಲೆ ಸೈನಿಕನೊಬ್ಬನಿಗೆ ಸಿಕ್ಕಳು. ತಾಯಿ, ಅಣ್ಣ ಸತ್ತಿದ್ದರು. ತಂದೆ ಇದ್ದದ್ದು ಯುದ್ಧಕ್ಕೆ ಹೋಗಿ ಸಮುದ್ರದಾಚೆ. ಜೀವಕ್ಕೆ ಅಪಾಯ ಅಂತ ಮನೆಯವರು ಹೆದರಿದ್ದು ಅವನ ಬಗ್ಗೆ, ಅಲ್ವಾ?

ಟೈಟಾನಿಕ್ ಕೇಳುವವರಿಗೆ ಇನ್ನೊಂದು ಮಾತು. 227 ಅನ್ನುವುದು ಸಮಾಧಿಯ ನಂಬರಲ್ಲ, ಶವದ ನಂಬರು. 1912ರಲ್ಲಿ ಜಾನ್ ಬಾರ್ನ್‌ಸ್ಟೆಡ್ ಅನ್ನುವ ಅಧಿಕಾರಿ ಮಾಡಿದ ಏರ್ಪಾಡು: ಪ್ರತಿ ಶವಕ್ಕೆ ಒಂದು ನಂಬರು, ಜೇಬಿನಲ್ಲಿ ಸಿಕ್ಕಿದ್ದಕ್ಕೆ ಅದೇ ನಂಬರಿನ ಬಟ್ಟೆ ಚೀಲ, ಕೂದಲು, ಬಟ್ಟೆಬರೆಯ ವಿವರ ಒಂದು ಪುಸ್ತಕದಲ್ಲಿ. ಐದು ವರ್ಷದ ಮೇಲೆ ಅವರ ಮಗ ಆರ್ಥರ್ ಅದೇ ಪದ್ಧತಿಯನ್ನು ಶವಾಗಾರವಾಗಿ ಮಾರ್ಪಟ್ಟಿದ್ದ ಚೆಬಕ್ಟೊ ರಸ್ತೆಯ ಶಾಲೆಯಲ್ಲಿ ಸ್ವಂತ ಊರಿನವರಿಗೆ ಬಳಸಬೇಕಾಯಿತು. ಜ್ಯಾಕ್ ಹುಡುಕಿಕೊಂಡು ನೀವು ಹೋಗುವ ಆ ಸ್ಮಶಾನದಲ್ಲೇ, ಕೊನೆಗೂ ಗುರುತು ಸಿಗದ ಸ್ಫೋಟದವರೂ ಇದ್ದಾರೆ. ಅವರ ಹತ್ತಿರ ಫೋಟೋ ತೆಗೆಸಿಕೊಂಡವರನ್ನು ನಾನು ನೋಡಿಲ್ಲ.

ನೀವು ಕೇಳಬೇಕಾದ ಪ್ರಶ್ನೆ ಇದು: ಆ ಇಪ್ಪತ್ತು ನಿಮಿಷ ಊರಿಗೆ ಯಾಕೆ ಗೊತ್ತಾಗಲಿಲ್ಲ? ಗೊತ್ತಾಗಿದ್ದರೆ ಏನಾಗುತ್ತಿತ್ತು ಅನ್ನುವುದಕ್ಕೆ ಸಾಕ್ಷಿ ಇದೆ. ನಾವಿಕನೊಬ್ಬ ಓಡಿ ಬಂದು ರೈಲ್ವೆ ಕಚೇರಿಗೆ ಸುದ್ದಿ ಮುಟ್ಟಿಸಿದ. ವಿನ್ಸ್ ಕೋಲ್ಮನ್ ಅನ್ನುವ ನೌಕರ ತಪ್ಪಿಸಿಕೊಳ್ಳದೆ ತಂತಿ ಯಂತ್ರದ ಮುಂದೆ ಕೂತು, ಬರುತ್ತಿರುವ ರೈಲು ನಿಲ್ಲಿಸಿ ಅಂತ ಸಂದೇಶ ಕಳಿಸಿ ಸತ್ತ. ಬಂದರಿನ ನೌಕಾಪಡೆಯ ಅಧಿಕಾರಿಗಳಿಗೆ ಆ ಹಡಗಿನಲ್ಲಿ ಏನಿದೆ ಅಂತ ಹಿಂದಿನ ಸಂಜೆಯೇ ಗೊತ್ತಿತ್ತು. ಕಿಟಕಿಯ ಹತ್ತಿರ ನಿಂತವರಿಗೆ ಗೊತ್ತಿರಲಿಲ್ಲ.

ವಿಚಾರಣೆ ನಡೆಯಿತು. ಮೊದಲು ಮೋಂ ಬ್ಲಾಂನ ಕ್ಯಾಪ್ಟನ್, ಬಂದರಿನಲ್ಲಿ ಅದಕ್ಕೆ ದಾರಿ ತೋರಿಸುತ್ತಿದ್ದ ಪೈಲಟ್, ನೌಕಾಪಡೆಯ ಒಬ್ಬ ಅಧಿಕಾರಿ, ಈ ಮೂವರ ಮೇಲೆ ತಪ್ಪು ಹೊರಿಸಿದರು. ಆ ಕೇಸು ನಿಲ್ಲಲಿಲ್ಲ. ಆಮೇಲೆ ಮೇಲಿನ ಕೋರ್ಟುಗಳು ಎರಡೂ ಹಡಗುಗಳದ್ದು ತಪ್ಪು ಅಂದವು. ಅಂಥ ಹಡಗನ್ನು ಮನೆಗಳ ಮುಂದೆ ಹಾಯಿಸುವ ನಿಯಮ ಮಾಡಿದವರಲ್ಲಿ ಒಬ್ಬರೂ ಜೈಲಿಗೆ ಹೋಗಲಿಲ್ಲ.